ಕಪ್ಪು ಗೋರಂಟಿ ಎಂಬುದಿಲ್ಲ: ಎರಡು ಎಲೆಪುಡಿಗಳೊಂದಿಗೆ ಮೂರು ವರ್ಷ

ಮೈಸೂರಿನಲ್ಲಿ ನಾನು ಹೋಗುವ ಗ್ರಂಧಿಗೆ ಅಂಗಡಿಯವರು ತಲೆಗೆ ಹಚ್ಚಲು ಗೋರಂಟಿ ಪುಡಿ ಬೇಕೆಂದಾಗ ಮೊದಲು ಕೇಳಿದ್ದು, "ಬರೀ ಗೋರಂಟಿನಾ, ಕಪ್ಪು ಗೋರಂಟಿನಾ ಅಮ್ಮಾ?" ಎಂದು. ಮೂರು ವರ್ಷಗಳ ಹಿಂದೆ ಆ ಪ್ರಶ್ನೆಗೆ "ಕಪ್ಪೇ ಕೊಡಿ" ಎಂದು ಹೇಳಿ ಬಂದವಳು ನಾನು. ಈಗ ಆ ಪ್ರಶ್ನೆಯಲ್ಲೇ ಮೋಸವಿದೆ ಎನ್ನುತ್ತೇನೆ. ಗೋರಂಟಿ ಎಲೆ ಬಿಳಿ ಕೂದಲಿಗೆ ಕೊಡುವ ಬಣ್ಣ ಕಿತ್ತಳೆಯಿಂದ ತಾಮ್ರಗೆಂಪಿನವರೆಗೆ ಮಾತ್ರ. ಕಪ್ಪು ಬಣ್ಣ ಬಿಡುವ ಗೋರಂಟಿ ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಗಿಡಮೂಲಿಕೆಯಿಂದಲೇ ಕಪ್ಪಾಗಬೇಕೆಂದರೆ ಗೋರಂಟಿಯ ಮೇಲೆ ನೀಲಿ (ಇಂಡಿಗೋ) ಗಿಡದ ಎಲೆಪುಡಿಯನ್ನು ಬೇರೆಯಾಗಿಯೇ ಹಚ್ಚಬೇಕು. ಆ ಎರಡು ಪುಡಿಗಳು ನಿಜಕ್ಕೂ ಎಷ್ಟು ಕಪ್ಪು ಕೊಡುತ್ತವೆ, ಅದು ಎಷ್ಟು ದಿನ ನಿಲ್ಲುತ್ತದೆ, ಅದಕ್ಕೆ ಎಷ್ಟು ಹೊತ್ತು ತೆರಬೇಕು ಎಂಬುದನ್ನು ನನ್ನ ತಲೆಯ ಮೇಲೆಯೇ ನೋಡಿ ಇಲ್ಲಿ ಬರೆಯುತ್ತಿದ್ದೇನೆ.

ಅಂದು ತಂದ ಕಪ್ಪು ಪೊಟ್ಟಣದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಪೊಟ್ಟಣದ ಮೇಲೆ ಹಸಿರು ಎಲೆಗಳ ಚಿತ್ರವಿತ್ತು, ಅರ್ಧ ಗಂಟೆಯಲ್ಲಿ ಕಪ್ಪು ಎಂಬ ಭರವಸೆಯಿತ್ತು, ಮತ್ತು ಆ ಭರವಸೆ ಸುಳ್ಳಾಗಲಿಲ್ಲ: ಕೂದಲು ಕಾಡಿಗೆಯಂತೆ ಕಪ್ಪಾಯಿತು. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಹಚ್ಚಿದ ಮರುದಿನ ಕಿವಿಯ ಹಿಂದೆ ತುರಿಕೆ ಆರಂಭವಾಗಿ, ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆಗಳು ಊದಿಕೊಂಡು, ಹಣೆಯ ಅಂಚಿನಲ್ಲಿ ನೀರುಗುಳ್ಳೆಗಳೆದ್ದವು. ಚರ್ಮವೈದ್ಯರು ಔಷಧಿ ಬರೆಯುವ ಮುನ್ನ ಪೊಟ್ಟಣವನ್ನು ತರಿಸಿ ನೋಡಿದರು. ಗೋರಂಟಿ, ನೆಲ್ಲಿಕಾಯಿ, ಭೃಂಗರಾಜಗಳ ಹೆಸರುಗಳ ಕೊನೆಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ, ಪ್ಯಾರಾ ಫಿನೈಲಿನ್ ಡೈಅಮೀನ್ ಎಂದಿತ್ತು. ಸಾಮಾನ್ಯ ರಾಸಾಯನಿಕ ಹೇರ್ ಡೈಗಳಲ್ಲಿ ಕಪ್ಪು ಬಣ್ಣ ಕೊಡುವ ವಸ್ತು ಇದೇ. ಒಮ್ಮೆ ಮೈ ಇದಕ್ಕೆ ತಿರುಗಿಬಿದ್ದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ, ಮುಂದೆ ತಗಲಿದಾಗಲೆಲ್ಲ ಇನ್ನೂ ಜೋರಾಗಬಹುದು ಎಂದು ಅವರು ಹೇಳಿದರು. ಮೊದಲ ಎರಡು ಸಲ ಸುಮ್ಮನಿದ್ದದ್ದು ಮೂರನೆಯ ಸಲ ಯಾಕೆ ಕೆರಳಿತು ಎಂಬ ನನ್ನ ಗೊಂದಲಕ್ಕೂ ಅಲ್ಲೇ ಉತ್ತರವಿತ್ತು: ಮೈ ಆ ವಸ್ತುವನ್ನು ಗುರುತಿಟ್ಟುಕೊಳ್ಳುವುದಕ್ಕೆ ಮೊದಲ ಸಲಗಳು ಬಳಕೆಯಾಗುತ್ತವೆ, ಕೆರಳುವುದು ಆಮೇಲೆ.

ಅಂದಿನಿಂದ ನಾನು ಪೊಟ್ಟಣದ ಮುಂಭಾಗವನ್ನು ನೋಡುವುದನ್ನು ಬಿಟ್ಟು ಹಿಂಭಾಗವನ್ನು ಮಾತ್ರ ಓದುತ್ತೇನೆ. ಗೋರಂಟಿಯ ಪೊಟ್ಟಣದಲ್ಲಿ ಲಾಸೋನಿಯಾ ಇನರ್ಮಿಸ್ ಎಂಬ ಒಂದೇ ಹೆಸರು, ನೀಲಿಯ ಪೊಟ್ಟಣದಲ್ಲಿ ಇಂಡಿಗೋಫೆರಾ ಟಿಂಕ್ಟೋರಿಯಾ ಎಂಬ ಒಂದೇ ಹೆಸರು ಇರಬೇಕು. ಬೇರಿಯಂ ಪೆರಾಕ್ಸೈಡ್, ಸೋಡಿಯಂ ಪಿಕ್ರಮೇಟ್ ಎಂಬಂಥ ಹೆಸರು ಕಂಡರೆ, ಮುಂದೆ ಎಷ್ಟೇ ಎಲೆಗಳ ಚಿತ್ರವಿದ್ದರೂ, ಅದು ಎಲೆಯ ಬಣ್ಣವಲ್ಲ. ಬಿಡಿಯಾಗಿ ತೂಗಿ ಕೊಡುವ ಪುಡಿಯ ಮೇಲೆ ಏನೂ ಬರೆದಿರುವುದಿಲ್ಲವಾದ್ದರಿಂದ ನಾನು ಒಂದು ಚಿಟಿಕೆ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಕರವಸ್ತ್ರದ ಮೇಲೆ ಉದುರಿಸಿ ನೋಡುತ್ತೇನೆ. ಬರಿಯ ಗೋರಂಟಿಯಾದರೆ ನಿಧಾನವಾಗಿ ಹಳದಿ ಮಿಶ್ರಿತ ಕಂದು ಒಸರುತ್ತದೆ. ಬರಿಯ ನೀಲಿಯಾದರೆ ಮೊದಲು ಹಸಿರಾಗಿದ್ದು ಹತ್ತು ಹದಿನೈದು ನಿಮಿಷದಲ್ಲಿ ಅಂಚು ನೀಲಿಗೆ ತಿರುಗುತ್ತದೆ. ನೀರು ತಾಗಿದ ಕೂಡಲೇ ಕಡುಗಪ್ಪೋ ಕಡುಗೆಂಪೋ ಹರಿದರೆ ಆ ಪುಡಿಯನ್ನು ಮನೆಯೊಳಕ್ಕೆ ತರುವುದಿಲ್ಲ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ, ಆದರೆ ಎದ್ದು ಕಾಣುವ ಕಲಬೆರಕೆಯನ್ನು ಹಿಡಿದುಕೊಡುತ್ತದೆ.

ಬಿಡಿ ಗೋರಂಟಿಯನ್ನು ನಾನು ಎರಡು ಸಲ ಮಾತ್ರ ಕೊಂಡೆ. ಡಬ್ಬದಲ್ಲಿ ಎಷ್ಟು ದಿನದಿಂದ ಕುಳಿತಿತ್ತೋ, ಹಸಿರು ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಲೋಟದ ನೀರಿನಲ್ಲಿ ಕದಡಿ ಬಿಟ್ಟಾಗ ತಳದಲ್ಲಿ ಬೆರಳಿಗೆ ಸಿಗುವಷ್ಟು ಮರಳು ನಿಂತಿತು. ಈಗ ಕೊಳ್ಳುತ್ತಿರುವುದು ಅದೇ ಅಂಗಡಿಯಲ್ಲಿ ಸಿಗುವ, ರಾಜಸ್ಥಾನದ ಸೋಜತ್‌ನ ಎಲೆಯಿಂದ ಮಾಡಿದ ಗಾಳಿಯಾಡದ ಪೊಟ್ಟಣ. ಪಾಲಿ ಜಿಲ್ಲೆಯ ಆ ಊರಿನ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಊರಿನ ಹೆಸರಿಗಿಂತ ನನಗೆ ಮುಖ್ಯವಾದದ್ದು ಪುಡಿಯ ನಯ: ಇದು ಬಟ್ಟೆಯಲ್ಲಿ ಸೋಸಿದ ಪುಡಿಯಾದ್ದರಿಂದ ತೊಳೆಯುವಾಗ ಕೂದಲಿನಲ್ಲಿ ಕಡ್ಡಿ, ತರಿ ಉಳಿಯುವುದಿಲ್ಲ. ನೀಲಿ ಪುಡಿ ತಮಿಳುನಾಡಿನಿಂದ ಬರುತ್ತದೆ. ಅಲ್ಲಿಯ ತಿಂಡಿವನಂ ಸುತ್ತಮುತ್ತ ಈ ಬೆಳೆ ಇಂದಿಗೂ ಇದೆ. ಕಳೆದ ಸಲ ಗೋರಂಟಿಗೆ 100 ಗ್ರಾಮಿಗೆ 70 ರೂಪಾಯಿ, ನೀಲಿಗೆ 130 ರೂಪಾಯಿ ಕೊಟ್ಟೆ. ಹೆಗಲವರೆಗಿನ ನನ್ನ ಕೂದಲಿಗೆ ಪೂರ್ತಿ ಹಚ್ಚಲು 100 ಗ್ರಾಂ ಗೋರಂಟಿ, 150 ಗ್ರಾಂ ನೀಲಿ ಬೇಕು, ಅಂದರೆ 265 ರೂಪಾಯಿ. ಬೈತಲೆ ಮತ್ತು ಬುಡಕ್ಕೆ ಮಾತ್ರವಾದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು.

ಇಂಡಿಗೋ ಪುಡಿ ತಂದಿದ್ದೇನೆ ಎಂದಾಗ ನಮ್ಮ ಪಕ್ಕದ ಮನೆಯವರು, "ಬಿಳಿ ಪಂಚೆಗೆ ಹಾಕೋ ನೀಲಿನಾ?" ಎಂದು ಗಾಬರಿಯಾದರು. ಅದಲ್ಲ. ಬಟ್ಟೆಗೆ ಹಾಕುವ ನೀಲಿ ಬೇರೆಯೇ ಕೃತಕ ವರ್ಣಕ. ಅದನ್ನು ತಲೆಗೆ ಹಚ್ಚಬಾರದು. ಇದು ಚಂಪಾರಣ್ಯದ ರೈತರು 1917ರಲ್ಲಿ ಗಾಂಧೀಜಿಯವರನ್ನು ಕರೆಸಿಕೊಳ್ಳುವಂತೆ ಮಾಡಿದ ನೀಲಿಯ ಬಳಗದ್ದೇ ಗಿಡ. ಜೀನ್ಸ್ ಪ್ಯಾಂಟಿನ ನೀಲಿಯೂ ರಾಸಾಯನಿಕವಾಗಿ ಇದೇ ವಸ್ತು, ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ ಅಷ್ಟೆ. ತಲೆಗೆ ಬಳಸುವುದು ಆ ಸಿದ್ಧ ನೀಲಿಯನ್ನಲ್ಲ, ಒಣಗಿಸಿ ಪುಡಿ ಮಾಡಿದ ಹಸಿರು ಎಲೆಯನ್ನು. ಈ ವ್ಯತ್ಯಾಸ ತಿಳಿಯದಿದ್ದರೆ ಮುಂದಿನ ಕೆಲಸ ಕೆಡುತ್ತದೆ, ನನ್ನದು ಕೆಟ್ಟ ಹಾಗೆ.

ಮೊದಲು ಗೋರಂಟಿಯ ವಿಷಯ. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣಕ ಕೂದಲಿನ ಪ್ರೋಟೀನಾದ ಕೆರಾಟಿನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಅದು ಕೂದಲಿನ ಸಹಜ ಬಣ್ಣವನ್ನು ತೆಗೆಯುವುದಿಲ್ಲವಾದ್ದರಿಂದ ಕಪ್ಪಿರುವ ಕೂದಲು ಕಪ್ಪಾಗಿಯೇ ಇದ್ದು, ಬಿಳಿಯದು ಮಾತ್ರ ಕೆಂಪಾಗುತ್ತದೆ. ಹಿಂದಿನ ದಿನ ಸೀಗೆಪುಡಿಯಿಂದ ಎಣ್ಣೆ ಜಿಡ್ಡು ಪೂರ್ತಿ ಹೋಗುವಂತೆ ತಲೆ ತೊಳೆದು, ರಾತ್ರಿ ಪುಡಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಅರ್ಧ ನಿಂಬೆಹಣ್ಣಿನ ರಸದಲ್ಲಿ ಇಡ್ಲಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿಯಾಗಿ ಕಲಸಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ, ಒಳಗೆ ಹಸಿರಾಗಿಯೇ ಇದ್ದರೆ ಹದ ಬಂದಿದೆ ಎಂದು ಲೆಕ್ಕ. ಮೊಸರು, ಮೊಟ್ಟೆ ಬೆರೆಸುವುದನ್ನು ನಾನು ಬಿಟ್ಟಿದ್ದೇನೆ. ಬಣ್ಣ ಅಂಟುವುದೇ ಪ್ರೋಟೀನಿಗೆ ಎಂದ ಮೇಲೆ ಬಟ್ಟಲಿನಲ್ಲಿಯೇ ಅದಕ್ಕೆ ಬೇರೊಂದು ಪ್ರೋಟೀನನ್ನು ಒದಗಿಸುವುದರಲ್ಲಿ ಅರ್ಥವಿಲ್ಲ.

ಕಬ್ಬಿಣದ ಬಾಣಲೆಯಲ್ಲಿ ನೆನೆಸಬೇಕೆಂಬ ನಮ್ಮ ಅಜ್ಜಿಯ ಮಾತಿಗೆ ಆಧಾರವಿಲ್ಲದೆ ಇಲ್ಲ. ನೆಲ್ಲಿಕಾಯಿ, ಅಳಲೆಕಾಯಿ, ಚಹದ ಡಿಕಾಕ್ಷನ್ ಇವುಗಳ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಾಣಲೆಯಲ್ಲಿ ನೆನೆಸಿದ ಗೋರಂಟಿ ಸ್ಟೀಲ್ ಪಾತ್ರೆಯದಕ್ಕಿಂತ ಒಂದು ಛಾಯೆ ಕಂದಾಗಿ ಬಂದದ್ದನ್ನು ನಾನೂ ಕಂಡಿದ್ದೇನೆ. ಆದರೆ ಆ ಒಂದು ಛಾಯೆಯನ್ನೇ ನಂಬಿ ನೀಲಿಯನ್ನು ಬಿಟ್ಟರೆ ಕೂದಲು ಕೆಂಪಾಗಿಯೇ ಉಳಿಯುತ್ತದೆ. ಬಾಣಲೆಯಂತೂ ಮೂರು ದಿನ ಒಗ್ಗರಣೆಗೆ ಬಾರದಂತಾಗುತ್ತದೆ.

ಗೋರಂಟಿಯನ್ನು ಎರಡೂವರೆ ಗಂಟೆ ಇಟ್ಟು ಬರಿಯ ನೀರಿನಲ್ಲಿ ತೊಳೆದಾಗ ಕನ್ನಡಿಯಲ್ಲಿ ಕಾಣುವ ತಲೆಯನ್ನು ಕಂಡು ಹೊಸಬರು ಹೆದರಬಾರದು. ಬಿಳಿ ಕೂದಲೆಲ್ಲ ಗಾಢ ಕಿತ್ತಳೆಯಾಗಿ ದೀಪದ ಬತ್ತಿಗಳಂತೆ ಹೊಳೆಯುತ್ತಿರುತ್ತದೆ. ನೀಲಿಗೆ ಬೇಕಾದ ನೆಲಗಟ್ಟು ಅದೇ.

ನೀಲಿಯ ಸ್ವಭಾವ ಗೋರಂಟಿಗೆ ತದ್ವಿರುದ್ಧ. ಇದನ್ನು ರಾತ್ರಿ ನೆನೆಸಬಾರದು, ಹುಳಿ ಸೋಕಿಸಬಾರದು. ಒಣ ಎಲೆಯಲ್ಲಿ ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತುವಿರುತ್ತದೆ. ನೀರು ತಾಗಿದ ಕೂಡಲೇ ಎಲೆಯದೇ ಕಿಣ್ವ ಅದನ್ನು ಒಡೆದು ಇಂಡಾಕ್ಸಿಲ್ ಆಗಿಸುತ್ತದೆ. ಅದು ಗಾಳಿಯ ಸಂಪರ್ಕದಲ್ಲಿ ನೀಲಿಯಾಗುತ್ತದೆ. ಈ ಬದಲಾವಣೆ ಕೂದಲಿನ ಒಳಗೆ ನಡೆಯಬೇಕೇ ಹೊರತು ಬಟ್ಟಲಿನಲ್ಲಲ್ಲ, ಏಕೆಂದರೆ ಒಮ್ಮೆ ನೀಲಿಯಾದದ್ದು ನೀರಿನಲ್ಲಿ ಕರಗುವುದಿಲ್ಲ, ಕೂದಲಿನೊಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹತ್ತು ಹದಿನೈದು ನಿಮಿಷಗಳಷ್ಟೇ ಕಾಯಬೇಕು. ಆ ಹೊತ್ತಿನಲ್ಲಿ ಬಟ್ಟಲನ್ನು ಕಿಟಕಿಯ ಬೆಳಕಿನಲ್ಲಿಟ್ಟು ನೋಡುವುದು ನನಗೆ ಈಗಲೂ ಇಷ್ಟ: ಪಾಲಕ್ ಸೊಪ್ಪಿನ ಬಣ್ಣದ ಹಿಟ್ಟಿನ ಮೇಲೆ ಮೊದಲು ಅಲ್ಲಲ್ಲಿ ಕಡುನೀಲಿ ಚುಕ್ಕೆಗಳೇಳುತ್ತವೆ, ಬಳಿಕ ಅವು ಕೂಡಿಕೊಂಡು ತೆಳುವಾದ ಪೊರೆಯಾಗುತ್ತವೆ, ಚಮಚದಿಂದ ಪೊರೆಯನ್ನು ಸರಿಸಿದರೆ ಕೆಳಗೆ ಮತ್ತೆ ಹಸಿರೇ ಇರುತ್ತದೆ. ನೆನೆಸಿದ ಹಸಿ ಬಟಾಣಿಯದೋ ಕೊಯ್ದ ಹುಲ್ಲಿನದೋ ಎನ್ನಬಹುದಾದ ವಾಸನೆ ಏಳುತ್ತದೆ. ಪೊರೆ ಕಂಡ ಕೂಡಲೇ ಕೈಗವಸು ಹಾಕಿಕೊಂಡು ಹಚ್ಚಲು ತೊಡಗಬೇಕು. ಅರ್ಧ ಗಂಟೆ ತಡವಾದರೆ ಬಟ್ಟಲಿನಲ್ಲಿ ಉಳಿದದ್ದು ಬರಿಯ ಕೆಸರು.

ನನ್ನ ಮೊದಲ ಪ್ರಯತ್ನದಲ್ಲಿ ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದೆ. ಗೋರಂಟಿಗೆ ಒಳ್ಳೆಯದಾದ ನಿಂಬೆರಸ ನೀಲಿಗೂ ಒಳ್ಳೆಯದೆಂದು ಭಾವಿಸಿ ಹಿಂಡಿದೆ. ಜೊತೆಗೆ, ಹೇಗೂ ಕಪ್ಪು ಕೊಡುವುದು ನೀಲಿ ತಾನೇ ಎಂದು, ಹಣೆಯ ಮುಂಭಾಗದ ಹೊಸ ಬಿಳಿ ಕೂದಲಿಗೆ ಗೋರಂಟಿಯನ್ನು ಹಚ್ಚದೆ ನೇರವಾಗಿ ನೀಲಿಯನ್ನೇ ಮೆತ್ತಿದೆ. ಹಿಂದಿನ ಕೂದಲು ಕೆಂಪಾಗಿಯೇ ಉಳಿಯಿತು, ಮುಂದಿನದು ಹಸಿರಾಯಿತು. ಭಾನುವಾರದ ಊಟಕ್ಕೆ ಬಂದಿದ್ದ ಅತ್ತಿಗೆ ಬಾಗಿಲಲ್ಲಿಯೇ ನಿಂತು, "ಇದೇನೇ, ತಲೆಗೆ ಪಾಚಿ ಹಿಡಿದಿದೆಯಲ್ಲೇ!" ಎಂದರು. ಮರುದಿನ ಅದರ ಮೇಲೆ ಗೋರಂಟಿ, ಮತ್ತೆ ನೀಲಿ ಹಚ್ಚಿ ಸರಿಪಡಿಸಿಕೊಂಡೆ. ಕಿತ್ತಳೆಯ ಮೇಲೆ ನೀಲಿ ಕೂತರೆ ಕಪ್ಪುಗಂದು ಬರುತ್ತದೆ. ಕಿತ್ತಳೆಯಿಲ್ಲದ ಜಾಗದಲ್ಲಿ ನೀಲಿ ತನ್ನ ಬಣ್ಣವನ್ನಷ್ಟೇ ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಕಲಸಿ ಒಂದೇ ಸಲ ಹಚ್ಚುವವರಿದ್ದಾರೆ, ಅದರಿಂದ ಹದವಾದ ಕಂದು ಸಿಗುತ್ತದೆ, ಕಪ್ಪು ಸಿಗುವುದಿಲ್ಲ.

ನೀಲಿಯನ್ನು ಒಂದೂವರೆ ಗಂಟೆ, ಒಣಗದಂತೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು, ಇಟ್ಟುಕೊಳ್ಳುತ್ತೇನೆ. ತೊಳೆಯುವಾಗ ನೀರು ಮೊದಲು ಹಸಿರಾಗಿ, ಆಮೇಲೆ ನೀಲಿಯಾಗಿ ಹರಿಯುತ್ತದೆ. ಆ ದಿನ ಸಂಜೆ ಕೂದಲಿನಲ್ಲಿ ಹಸಿರು ಛಾಯೆ ಕಂಡರೆ ಗಾಬರಿಯಾಗಬೇಕಿಲ್ಲ, ಕೂದಲಿನೊಳಗಿನ ಬದಲಾವಣೆ ಇನ್ನೂ ಮುಗಿದಿಲ್ಲ ಎಂದರ್ಥ; ಎರಡು ದಿನ ಶಾಂಪೂ, ಸೀಗೆ ಯಾವುದನ್ನೂ ಮುಟ್ಟದಿದ್ದರೆ ಬಣ್ಣ ತಾನಾಗಿ ಗಾಢವಾಗುತ್ತದೆ. ಬಿಳಿ ದಿಂಬಿನ ಚೀಲವನ್ನು ಆ ಎರಡು ರಾತ್ರಿ ಹಾಕಬೇಡಿ. ಹಣೆಯ ಅಂಚಿಗೆ, ಕಿವಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರದಿದ್ದರೆ ಸೋಮವಾರ ಕೆಲಸಕ್ಕೆ ಹೋಗುವಾಗ ನೀಲಿ ಕಿವಿಗಳೊಂದಿಗೆ ಹೋಗಬೇಕಾಗುತ್ತದೆ.

ಫಲಿತಾಂಶಕ್ಕೆ ಬರುತ್ತೇನೆ. ಮೂರನೆಯ ದಿನ ಮನೆಯೊಳಗಿನ ಬೆಳಕಿನಲ್ಲಿ ನನ್ನ ಕೂದಲು ಕಪ್ಪು. ಬಿಸಿಲಿಗೆ ಬಂದಾಗ ಬಿಳಿಯಿದ್ದ ಎಳೆಗಳು ಹುಣಿಸೆಬೀಜದ ಬಣ್ಣದಲ್ಲಿ ಮಿನುಗುತ್ತವೆ. ರಾಸಾಯನಿಕ ಬಣ್ಣದ ಒಂದೇ ಸಮನಾದ, ಟೋಪನ್ ಹಾಕಿದಂತೆ ತೋರುವ ಕಪ್ಪು ಇದಲ್ಲ, ಮತ್ತು ನನಗೆ ಇದೇ ಹೆಚ್ಚು ಸಹಜವಾಗಿ ಕಾಣುತ್ತದೆ. ಕಪ್ಪಿನಲ್ಲಿ ಕಪ್ಪು ಬೇಕೆನ್ನುವವರಿಗೆ ನಿರಾಶೆಯಾಗುತ್ತದೆ. ಅವರು ಮರುದಿನ ಇನ್ನೊಂದು ಸುತ್ತು ನೀಲಿ ಹಚ್ಚಿದರೆ ಬಹಳಷ್ಟು ಸಮೀಪಕ್ಕೆ ಬರಬಹುದು. ಕಿವಿಯ ಮುಂದಿನ ಒರಟು ಬಿಳಿ ಕೂದಲು ಮಾತ್ರ ಮೂರು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿ ಮಾತು ಕೇಳಿಲ್ಲ. ಮೂರು ನಾಲ್ಕು ವಾರಗಳಲ್ಲಿ ನೀಲಿ ಮೊದಲು ಮಾಸುತ್ತದೆ, ಗೋರಂಟಿ ಉಳಿಯುತ್ತದೆ, ಹಾಗಾಗಿ ಒಟ್ಟು ಬಣ್ಣ ಕೆಂಪಿನ ಕಡೆಗೆ ಜಾರುತ್ತದೆ. ಅಷ್ಟರಲ್ಲಿ ಕೂದಲು ಸುಮಾರು ಒಂದು ಸೆಂಟಿಮೀಟರ್ ಬೆಳೆದು ಬೈತಲೆಯಲ್ಲಿ ಬಿಳಿ ಗೆರೆ ಕಾಣತೊಡಗುತ್ತದೆ. ಬುಡಕ್ಕೆ ಮಾತ್ರ ಎರಡೂ ಪುಡಿಗಳನ್ನು ಹಚ್ಚಿ, ಉದ್ದಕ್ಕೆ ಕೊನೆಯ ಇಪ್ಪತ್ತು ನಿಮಿಷ ನೀಲಿಯನ್ನಷ್ಟೇ ಎಳೆಯುವುದು ನಾನು ಕಂಡುಕೊಂಡ ದಾರಿ.

ಗೋರಂಟಿಯ ಒಗರಿನಿಂದ ಮೊದಲ ವಾರ ಕೂದಲು ಒರಟಾಗುತ್ತದೆ, ಒಂದು ಎಣ್ಣೆಸ್ನಾನದ ಬಳಿಕ ಸರಿಹೋಗುತ್ತದೆ. ಇದಕ್ಕಿಂತ ದೊಡ್ಡ ದೂರು ಸಮಯದ್ದು. ಬೆಳಿಗ್ಗೆ ಎಂಟಕ್ಕೆ ಕೂತರೆ ಮಧ್ಯಾಹ್ನದ ಊಟ ತಲೆಗೆ ಟೋಪಿ ಹಾಕಿಕೊಂಡೇ ಆಗುತ್ತದೆ. ಡಿಸೆಂಬರ್, ಜನವರಿಯ ಮೈಸೂರಿನ ಚಳಿಯಲ್ಲಿ ಐದಾರು ಗಂಟೆ ಒದ್ದೆ ತಲೆಯಲ್ಲಿರುವುದು ಶೀತದ ಮೈಯವರಿಗೆ ಶಿಕ್ಷೆಯೇ ಸರಿ. ಶುಕ್ರವಾರ ನೆನಪಾಗಿ ಶನಿವಾರದ ಮದುವೆಗೆ ಕಪ್ಪಾಗಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ.

ನೆಲ್ಲಿ, ಗರುಗದ ಸೊಪ್ಪು, ಕರಿಬೇವು, ದಾಸವಾಳ ಸೇರಿಸಿದ ಒಂಬತ್ತು ಮೂಲಿಕೆಗಳ ಪುಡಿಯನ್ನೂ ಒಮ್ಮೆ ತಂದು ನೋಡಿದೆ. ಗರುಗ ಅಂದರೆ ಭೃಂಗರಾಜ. ಅದರ ರಸ ಹಸ್ತಕ್ಕೆ ಕಪ್ಪು ಹಿಡಿಸುವುದರಿಂದ ಕೂದಲಿಗೂ ಹಿಡಿಯುತ್ತದೆಂಬ ನಂಬಿಕೆ ಬಲವಾಗಿದೆ. ಎಣ್ಣೆಯಲ್ಲಿ ಕಾಯಿಸಿ ಹಚ್ಚಿಕೊಳ್ಳಲು ಅದು ಒಳ್ಳೆಯದಿರಬಹುದು. ಬೆಳ್ಳಗಾದ ನನ್ನ ಒಂದು ಎಳೆಯನ್ನೂ ಅದು ಕಪ್ಪಾಗಿಸಲಿಲ್ಲ. ನೆಲ್ಲಿಪುಡಿ ಗೋರಂಟಿಯ ಕೆಂಪನ್ನು ಸ್ವಲ್ಪ ತಗ್ಗಿಸುತ್ತದೆ. ಉಳಿದ ಏಳು ಮೂಲಿಕೆಗಳಿಗೆ ಕೊಟ್ಟ ಹಣದಲ್ಲಿ ಇನ್ನೊಂದು ಪೊಟ್ಟಣ ನೀಲಿ ಬರುತ್ತಿತ್ತು.

ಗಿಡದ್ದೆಂದ ಮಾತ್ರಕ್ಕೆ ಕಣ್ಣುಮುಚ್ಚಿ ಹಚ್ಚುವಂತಿಲ್ಲ. ಈ ಎಲೆಗಳಿಗೂ ಅಪರೂಪಕ್ಕೆ ಅಲರ್ಜಿಯಾಗುವುದುಂಟು, ಆದ್ದರಿಂದ ಪ್ರತಿ ಹೊಸ ಪೊಟ್ಟಣವನ್ನೂ ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯುತ್ತೇನೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ, ಅದರಲ್ಲೂ ಮಕ್ಕಳಿಗೆ, ಗೋರಂಟಿ ಹಚ್ಚಬಾರದು. ಅದು ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಮುಂದೆ ಎಂದಾದರೂ ಪಾರ್ಲರಿನಲ್ಲಿ ಕೂದಲಿನ ಬಣ್ಣವನ್ನು ತಿಳಿಗೊಳಿಸಿಕೊಳ್ಳುವ ಯೋಚನೆಯಿದ್ದರೆ ನೀಲಿಗೆ ಕೈಹಾಕದಿರುವುದೇ ಒಳ್ಳೆಯದು, ಏಕೆಂದರೆ ಬ್ಲೀಚ್ ಬಿದ್ದಾಗ ಅದು ಹಸಿರಿಗೆ ತಿರುಗಬಹುದು.

ಇನ್ನು ಅಂಗಡಿಯ ವಿಷಯ. ಈ ಗ್ರಂಧಿಗೆ ಅಂಗಡಿಯಲ್ಲಿ ಸೀಗೆ, ಅಂಟುವಾಳ, ಚಿಗರೆಪುಡಿ ಯಾವಾಗಲೂ ಹೊಸದಾಗಿರುತ್ತವೆ, ತೂಕ ಸರಿಯಾಗಿರುತ್ತದೆ. ನೀಲಿ ಪುಡಿಯ ಪೊಟ್ಟಣ ಕಟ್ಟಿದ ದಿನಾಂಕವನ್ನು ನಾವೇ ನೋಡಿ ಕೊಳ್ಳಬೇಕು. ಒಮ್ಮೆ ಒಂದೂವರೆ ವರ್ಷ ಹಳೆಯದನ್ನು ಕೊಟ್ಟಿದ್ದರು, ಅದರ ಮೇಲೆ ಎಷ್ಟು ಕಾದರೂ ನೀಲಿ ಪೊರೆ ಏಳಲಿಲ್ಲ. ಮರಳಿ ಒಯ್ದಾಗ ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ನನ್ನ ಬೇಸರವಿರುವುದು ಆ ಕಪ್ಪು ಗೋರಂಟಿಯ ಪೊಟ್ಟಣಗಳನ್ನು ಇಂದಿಗೂ ಇದೇ ಪುಡಿಗಳ ಪಕ್ಕದಲ್ಲಿ, ಒಂದೇ ಸಾಲಿನಲ್ಲಿ ಇಟ್ಟಿರುವುದರ ಬಗ್ಗೆ. ಅವನ್ನು ಹೇರ್ ಡೈಗಳ ಜೊತೆಗೆ ಬೇರೆ ಇಡಬಾರದೇ ಎಂದು ಕಳೆದ ತಿಂಗಳು ಕೇಳಿದೆ. ನನ್ನ ಪೊಟ್ಟಣಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದ ಅಂಗಡಿಯವರು ತಲೆ ಎತ್ತದೆ, "ಇಲ್ಲಿಟ್ರೇನೇ ಅಮ್ಮಾ ಅದು ಹೋಗೋದು" ಎಂದರು.